ಓನರ್ ತಲೆಯೊಳಗಿನ ಲೆಡ್ಜರು

ನಮಸ್ಕಾರ ಕೇಳುಗರೆ. ಇವತ್ತು ಸಣ್ಣ ಸರ್ವಿಸ್ ಬಿಸಿನೆಸ್ ನಡೆಸೋರ ಬಗ್ಗೆ ಮಾತಾಡ್ಬೇಕು ಅನ್ಕೊಂಡಿದ್ದೀನಿ. ಎಸಿ ರಿಪೇರಿ, ಪ್ಲಂಬಿಂಗ್, ವೈರಿಂಗ್, ಕ್ಲೀನಿಂಗ್, ಹೀಗೆ ನಾಲ್ಕೈದು ಜನರನ್ನ ಇಟ್ಕೊಂಡು ಮನೆಬಾಗಿಲಿಗೇ ಹೋಗಿ ಕೆಲಸ ಮಾಡಿಕೊಡ್ತಾರಲ್ಲ, ಅವರು. ಡಿಜಿಟಲ್ ಆಗಿ ಅಂತ ಅವರಿಗೆ ಎಲ್ಲರೂ ಹೇಳ್ತಾರೆ. ಆದ್ರೆ ಹೇಳೋದೆಲ್ಲ ಹೊರಗಿಂದು, ವೆಬ್‌ಸೈಟ್ ಮಾಡಿಸಿ, ಫೋಟೋ ಹಾಕಿ, ಆನ್‌ಲೈನಲ್ಲಿ ದುಡ್ಡು ತಗೊಳ್ಳಿ ಅಂತ. ಒಳಗಡೆ ಕೆಲಸ ಹೇಗೆ ನಡೀತಿದೆ ಅಂತ ಕೇಳೋರೇ ಕಮ್ಮಿ, ನನಗೆ ಮುಖ್ಯ ಅನ್ಸೋದು ಅದು.

ಒಂದೇ ಒಂದು ಕೆಲಸದ ಹಿಂದೆ ಹೋಗೋಣ ಬನ್ನಿ. ಬೆಳಗ್ಗೆ ಒಂದು ಫೋನ್ ಬರತ್ತೆ, ಎಸಿಯಿಂದ ನೀರು ಸೋರ್ತಿದೆ ಅಂತ. ಓನರ್ ಗಾಡಿ ಮೇಲಿರ್ತಾರೆ, ಅಡ್ರೆಸ್ ಕೇಳ್ಕೊಂಡು ತಲೇಲಿಟ್ಕೊಂಡು ಆಮೇಲೆ ಹುಡುಗನಿಗೆ ಫೋನ್ ಮಾಡಿ ಹೇಳ್ತಾರೆ, ಅವನು ಕೈಗೆ ಸಿಕ್ಕಿದ ಬಿಲ್ ಹಿಂದೆ ಬರ್ಕೊಂಡು ಹೋಗ್ತಾನೆ, ಅಲ್ಲಿ ನೋಡಿದ್ರೆ ಪೈಪ್ ಕಟ್ಟಿರೋದಲ್ದೆ ಕೆಪಾಸಿಟರ್ ಅನ್ನೋ ಪಾರ್ಟೂ ಹೋಗಿದೆ, ಬ್ಯಾಗಲ್ಲಿದ್ದ ಒಂದನ್ನ ತೆಗೆದು ಹಾಕ್ತಾನೆ, ದುಡ್ಡು ಇಸ್ಕೊಂಡು ಮುಂದಿನ ಮನೆಗೆ ಓಡ್ತಾನೆ. ಆ ಕೆಪಾಸಿಟರ್ ಹಾಕಿದ್ದು ಯಾವ ಪುಸ್ತಕದಲ್ಲೂ ಏರಲ್ಲ. ತಿಂಗಳ ಕೊನೇಲಿ ಸ್ಟಾಕ್ ಲೆಕ್ಕ ಹಾಕಿದ್ರೆ ಒಂದು ಕಮ್ಮಿ ಬರತ್ತೆ, ಅನುಮಾನ ಯಾರ ಮೇಲೆ? ಆ ಹುಡುಗನ ಮೇಲೆ. ಅವನು ಕದ್ದಿಲ್ಲ, ಬರೆಯೋಕೆ ಅವನಿಗೊಂದು ಜಾಗ ಇರ್ಲಿಲ್ಲ ಅಷ್ಟೆ. ಎರಡು ತಿಂಗಳಾದ್ಮೇಲೆ ಅದೇ ಮನೆಯವ್ರು, ನೀವು ಹಾಕಿದ ಪಾರ್ಟು ಹೋಯ್ತು, ವಾರಂಟಿ ಇದೆ ಅಂದ್ರಲ್ಲ ಅಂತ ಫೋನ್ ಮಾಡ್ತಾರೆ. ಯಾವ ತಾರೀಕು, ಯಾವ ಕಂಪನಿ ಪಾರ್ಟು, ಹೋಗಿದ್ದು ಯಾರು, ಒಂದೂ ಗೊತ್ತಿಲ್ಲ. ಓನರ್ ಒಳ್ಳೆಯವರಾದ್ರೆ ಕೈಯಿಂದ ದುಡ್ಡು ಹಾಕಿ ಬದಲಾಯಿಸಿಕೊಡ್ತಾರೆ, ಇಲ್ದಿದ್ರೆ ಜಗಳ.

ನೋಡಿ, ಇಂಥ ಕಡೆ ನಿಜವಾದ ಲೆಡ್ಜರ್, ಅಂದ್ರೆ ಲೆಕ್ಕದ ಪುಸ್ತಕ, ಇರೋದು ಓನರ್ ತಲೇಲಿ. ಯಾರ ಮನೆ ಮೋಟರ್ ಯಾವಾಗ ಕೆಡತ್ತೆ, ಯಾರು ಬಾಕಿ ಇಟ್ಟಿದ್ದಾರೆ, ಎಲ್ಲಾ ಅಲ್ಲೇ. ಹತ್ತು ಗಿರಾಕಿ ಇದ್ದಾಗ ಆ ತಲೆ ಸಾಕು. ಇನ್ನೂರಾದಾಗ ಸಾಲಲ್ಲ, ಆದ್ರೂ ಅದರಲ್ಲೇ ಓಡಿಸ್ತಿರ್ತಾರೆ, ಅದಕ್ಕೇ ಅವರಿಗೆ ಒಂದು ದಿನ ಜ್ವರ ಬಂದ್ರೂ ಮಲಗೋ ಹಾಗಿಲ್ಲ, ದಿಂಬಿನ ಪಕ್ಕ ಫೋನ್ ಹೊಡ್ಕೊಳ್ತಾನೇ ಇರತ್ತೆ. ಇದು ನನಗೆ ತುಂಬಾ ಸಂಕಟ ಕೊಡೋ ವಿಷಯ.

ಇಲ್ಲೊಂದು ಹಳೇ ಸಂಗತಿ ಹೇಳ್ಬೇಕು. ಆಫೀಸ್ ಕೆಲಸಕ್ಕೆ ಅಂತ ಕಂಪ್ಯೂಟರನ್ನ ದಿನನಿತ್ಯ ಬಳಸಿದ ಮೊದಲಿಗರಲ್ಲಿ ಒಂದು ಇಂಗ್ಲೆಂಡಿನ ಲಯನ್ಸ್ ಅನ್ನೋ ಕಂಪನಿ, ಟೀ ಅಂಗಡಿಗಳನ್ನ ನಡೆಸ್ತಿದ್ದವ್ರು. 1951ರಲ್ಲಿ ಅವರೇ ಕಟ್ಟಿಸಿದ ಲಿಯೋ ಅನ್ನೋ ಯಂತ್ರಕ್ಕೆ ಮೊದಲು ಒಪ್ಪಿಸಿದ್ದು ಜಾಹೀರಾತಲ್ಲ, ಬೇಕರಿ ಒಳಗಿನ ವಾರವಾರದ ಲೆಕ್ಕ, ಆಮೇಲೆ ನೌಕರರ ಸಂಬಳ. ಅವತ್ತು ಅದಕ್ಕೆ ಒಂದು ಕೋಣೆ ತುಂಬಾ ಯಂತ್ರ ಬೇಕಿತ್ತು, ಇವತ್ತು ಅದಕ್ಕಿಂತ ಎಷ್ಟೋ ಪಾಲು ಜೋರಾಗಿರೋ ಫೋನು ಹುಡುಗನ ಜೇಬಲ್ಲೇ ಇದೆ.

ಹಾಗಾದ್ರೆ ಎಲ್ಲಿಂದ ಶುರು? ದೊಡ್ಡ ಸಾಫ್ಟ್‌ವೇರ್ ಕೊಳ್ಳೋಕೆ ಹೋಗ್ಬೇಡಿ ಅಂತೀನಿ ನಾನು. ಮೊದಲು ಜಾಬ್ ಕಾರ್ಡ್, ಅಂದ್ರೆ ಒಂದೊಂದು ಕೆಲಸದ ವಿವರ ಬರೆಯೋ ಚೀಟಿ, ಅದೊಂದನ್ನ ಫೋನಿಗೆ ತನ್ನಿ, ಎಕ್ಸೆಲ್ ಥರದ ಒಂದು ಶೀಟು ಸಾಕು, ಒಂದು ಫಾರ್ಮು ಸಾಕು. ಗಿರಾಕಿ ನಂಬರು, ಅಡ್ರೆಸ್ಸು, ಏನು ತೊಂದರೆ, ಯಾರು ಹೋದ್ರು, ಯಾವ ಪಾರ್ಟ್ ಹಾಕಿದ್ರು, ದುಡ್ಡು ಬಂತಾ ಬಾಕಿನಾ, ಹಳೇ ಪಾರ್ಟಿಂದೊಂದು ಹೊಸದರದ್ದೊಂದು ಫೋಟೋ. ಗಿರಾಕಿನ ಹೆಸರಿಂದ ಹುಡುಕೋಕೆ ಹೋಗ್ಬೇಡಿ, ಒಂದೇ ಹೆಸರಿನವ್ರು ಹತ್ತು ಜನ ಇರ್ತಾರೆ, ಫೋನ್ ನಂಬರಿಂದ ಹುಡುಕಿ. ಪಾರ್ಟ್ ಹೆಸರನ್ನ ಅವರವರಿಗೆ ತೋಚಿದ ಹಾಗೆ ಟೈಪ್ ಮಾಡೋಕೆ ಬಿಡ್ಬೇಡಿ, ಒಬ್ಬ ಕೆಪಾಸಿಟರ್ ಅಂತಾನೆ ಇನ್ನೊಬ್ಬ ಕಂಡೆನ್ಸರ್ ಅಂತಾನೆ, ಒಂದೇ ಸಾಮಾನು ಲೆಕ್ಕದಲ್ಲಿ ಎರಡಾಗಿ ಕೂತಿರತ್ತೆ, ಆಮೇಲೆ ಆ ಲೆಕ್ಕ ಯಾರಿಗೂ ಬೇಡ. ಲಿಸ್ಟಿಂದ ಆರಿಸೋ ಹಾಗೆ ಮಾಡಿ. ಕಾಗದ ಮತ್ತೆ ಫೋನು ಎರಡನ್ನೂ ಹದಿನೈದು ದಿನ ಒಟ್ಟಿಗೆ ನಡೆಸಿ, ಆಮೇಲೆ ಒಂದು ದಿನ ಗೊತ್ತುಮಾಡಿ ಕಾಗದ ನಿಲ್ಲಿಸಿಬಿಡಿ, ಎರಡೂ ಹೀಗೇ ಎಳ್ಕೊಂಡು ಹೋದ್ರೆ ಹುಡುಗರಿಗೆ ಡಬಲ್ ಕೆಲಸ ಆಗಿ ಎರಡನ್ನೂ ಬಿಡ್ತಾರೆ.

ಶೀಟಿಗೂ ಒಂದು ಮಿತಿ ಇದೆ. 2020ರಲ್ಲಿ ಇಂಗ್ಲೆಂಡಿನಲ್ಲಿ ಕೋವಿಡ್ ಕೇಸುಗಳ ಲೆಕ್ಕವನ್ನ ಹಳೇ ಥರದ ಎಕ್ಸೆಲ್ ಫೈಲಿಗೆ ಹಾಕ್ತಿದ್ರು, ಅದರಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯಲ್ಲ, ಸುಮಾರು ಒಂದು ವಾರದಲ್ಲಿ 15,841 ಕೇಸು ಸರಿಯಾದ ಟೈಮಿಗೆ ಲೆಕ್ಕಕ್ಕೇ ಬರ್ಲಿಲ್ಲ. ಸಣ್ಣ ಬಿಸಿನೆಸ್ಸಿಗೆ ಅಷ್ಟು ಸಾಲು ಬರೋಕೆ ವರ್ಷಗಳೇ ಬೇಕು, ಆದ್ರೂ ತುಂಬಿ ಚೆಲ್ಲಿದ್ದು ಯಾರ ಕಣ್ಣಿಗೂ ಬೀಳದೆ ಹೋಗಬಹುದು ಅನ್ನೋದು ನೆನಪಿರ್ಲಿ. ಬ್ಯಾಕಪ್ ಇನ್ನೊಂದು ಕಡೆ ಇಡಿ. ಮುಂದೆ ಯಾವ ಆ್ಯಪ್ ತಗೊಂಡ್ರೂ ನಮ್ಮ ಡೇಟಾ ನಾವು ಬೇಕಾದಾಗ ಪೂರ್ತಿ ಹೊರಗೆ ತಗೋಬಹುದಾ ಅಂತ ದುಡ್ಡು ಕಟ್ಟೋಕೆ ಮುಂಚೆನೇ ಕೇಳಿ.

ಹುಡುಗರ ವಿಷಯ ಮಾತ್ರ ಅವಸರದಲ್ಲಿ ಮುಗಿಸೋದಲ್ಲ. ಫೋನಲ್ಲಿ ಎಂಟ್ರಿ ಮಾಡು ಅಂದ ತಕ್ಷಣ ಅವರಿಗೆ ಬರೋ ಮೊದಲ ಯೋಚನೆ, ನನ್ನ ಮೇಲೆ ಕಣ್ಣಿಡೋಕೆ ಮಾಡ್ತಿದ್ದಾರೆ ಅಂತ. ಆ ಭಯ ಸುಮ್ಮನೆ ಬಂದಿದ್ದಲ್ಲ, ಲೊಕೇಶನ್ ಆನ್ ಮಾಡ್ಸಿ ಊಟಕ್ಕೆ ಎಷ್ಟೊತ್ತು ಕೂತೆ ಅಂತ ಕೇಳೋ ಓನರ್‌ಗಳೂ ಇದ್ದಾರೆ, ಅದು ತಪ್ಪು. ಮೊದಲು ಅವರನ್ನ ಕೂರಿಸ್ಕೊಂಡು ನಿಮಗೆ ದಿನಾ ಕಾಟ ಕೊಡ್ತಿರೋದು ಏನಪ್ಪಾ ಅಂತ ಕೇಳಿ. ಅಡ್ರೆಸ್ ಸರಿಯಾಗಿ ಸಿಗಲ್ಲ ಸಾರ್, ಅಲ್ಲಿ ಹೋದ್ಮೇಲೆ ಹಿಂದೆ ಯಾರು ಬಂದು ಏನ್ ಮಾಡಿದ್ರು ಗೊತ್ತಾಗಲ್ಲ ಸಾರ್ ಅಂತಾರೆ. ಆ ಎರಡನ್ನ ಮೊದಲು ಸರಿಮಾಡಿ ಕೊಟ್ರೆ, ಅಲ್ಲಿಂದಾಚೆ ಪಾರ್ಟ್ ಎಂಟ್ರಿ ಮಾಡೋಕೆ ಯಾರೂ ಗೊಣಗಲ್ಲ, ಯಾಕಂದ್ರೆ ಆ ಎಂಟ್ರಿನೇ ನಾಳೆ ಅವನ ಪರವಾಗಿ ಮಾತಾಡತ್ತೆ, ನಾನು ತೆಗೆದಿದ್ದಲ್ಲ, ಇಂಥವರ ಮನೆಗೆ ಹಾಕಿದ್ದು, ಫೋಟೋ ನೋಡಿ ಅಂತ.

ಓನರ್ ಮಲಗಿದ್ದಾರೆ ಅಂತಿಟ್ಕೊಳ್ಳಿ, ಜ್ವರ. ಆಫೀಸಲ್ಲಿ ಕೆಲಸಕ್ಕೆ ಸೇರಿ ಮೂರೇ ವಾರ ಆಗಿರೋ ಹುಡುಗಿ ಫೋನ್ ಎತ್ತುತ್ತಾಳೆ. ಆ ಕಡೆಯಿಂದ, ಎಸಿ ಮತ್ತೆ ಸೋರ್ತಿದೆ ರೀ, ನಮ್ಮನೇದು ನಿಮ್ಮ ಸಾಹೇಬ್ರಿಗೆ ಗೊತ್ತು ಅಂತಾರೆ. ಅವಳು ನಂಬರ್ ಹಾಕಿ ನೋಡ್ತಾಳೆ. ಗೊತ್ತಾಯ್ತಮ್ಮ, ಎರಡನೇ ಮಹಡಿ ಅಲ್ವಾ, ಮಾರ್ಚಲ್ಲಿ ಬಂದು ಕೆಪಾಸಿಟರ್ ಹಾಕಿದ್ದಾರೆ, ಅವರನ್ನೇ ಕಳಿಸ್ತೀನಿ, ಮಧ್ಯಾಹ್ನ ಮನೇಲಿರ್ತೀರಾ?