ಮೈನ್ ಆಫ್ ಉಂಟಲ್ಲ, ಮತ್ತೆ ಎಂತ?

ನಮಸ್ಕಾರ. ಕೂತಲ್ಲೇ ಒಮ್ಮೆ ತಲೆ ಎತ್ತಿ ಸೀಲಿಂಗ್ ನೋಡಿ. ಫ್ಯಾನ್ ಕಾಣುತ್ತದೆ, ಲೈಟ್ ಕಾಣುತ್ತದೆ. ಅವಕ್ಕೆ ಕರೆಂಟ್ ಯಾವ ದಾರಿಯಲ್ಲಿ ಬರುತ್ತಿದೆ, ಹೇಳಿ ನೋಡೋಣ? ನನಗೂ ಗೊತ್ತಿರಲಿಲ್ಲ. ಕಳೆದ ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಗೊತ್ತಾಯಿತು.

ಮಂಗಳೂರಿನ ಮಳೆಗಾಲ ನಿಮಗೆ ಹೇಳಬೇಕಾ? ಜೂನ್‌ನಲ್ಲಿ ಒಗೆದ ಜೀನ್ಸ್ ಪ್ಯಾಂಟ್ ಸೋಣ ತಿಂಗಳಿಗೂ ಒಣಗುವುದಿಲ್ಲ. ಹಾಗಾಗಿ ಸೀಲಿಂಗಿಗೆ ಹಾಕುವ ಬಟ್ಟೆ ಹ್ಯಾಂಗರ್ ತರಿಸಿದೆ. ಹಗ್ಗ ಎಳೆದರೆ ಮೇಲೆ ಹೋಗುತ್ತದಲ್ಲ, ಅದು. ಬಿಜೈಯ ನಮ್ಮ ಫ್ಲ್ಯಾಟಿನ ಬಾಲ್ಕನಿಗೆ ಎರಚಲು ಬರುತ್ತದೆ. ಅದಕ್ಕೆ ಅಡುಗೆಮನೆ ಪಕ್ಕದ ಪ್ಯಾಸೇಜಿನಲ್ಲಿ ಹಾಕುವುದು ಅಂತ ಆಯಿತು.

ಹಾಕಲು ಬಂದ ಹುಡುಗ ಚುರುಕು. ಬ್ಯಾಟರಿ ಡ್ರಿಲ್ ತಂದಿದ್ದ. ನಾನು ದೊಡ್ಡ ಜವಾಬ್ದಾರಿಯವನ ಹಾಗೆ ಹೋಗಿ ಮೈನ್ ಆಫ್ ಮಾಡಿದೆ. ಅಮ್ಮ ಮಾತ್ರ ಬಾಗಿಲಲ್ಲೇ ನಿಂತು, "ಜಾಗ್ರತೆ ಮಗಾ" ಅಂದರು.

"ಮೈನ್ ಆಫ್ ಉಂಟಲ್ಲ ಅಮ್ಮ, ಮತ್ತೆ ಎಂತ?"

ಎರಡನೇ ತೂತು. ಇಷ್ಟು ಹೊತ್ತು ಗರ್ ಅಂತ ಕಾಂಕ್ರೀಟ್ ಕೊರೆಯುತ್ತಿದ್ದ ಬಿಟ್ ಸಟ್ಟನೆ ಒಳಗೆ ಜಾರಿತು. ಚಟ್ ಅಂತ ಕಿಡಿ. ಮರುಕ್ಷಣ ಮೂಲೆಯಲ್ಲಿದ್ದ ಇನ್ವರ್ಟರ್ ಕುಂಯ್ ಕುಂಯ್ ಅಂತ ಬೊಬ್ಬೆ ಹಾಕಲು ಶುರು ಮಾಡಿತು.

ಇನ್ವರ್ಟರ್ ಮಾರಾಯ್ರೆ! ಮೈನ್ ಆಫ್ ಮಾಡಿದ ಕೂಡಲೇ ಅದು "ಓ, ಕರೆಂಟ್ ಹೋಯಿತು" ಅಂದುಕೊಂಡು ತನ್ನ ಲೈನಿಗೆ 230 ವೋಲ್ಟ್ ಕೊಡಲು ಶುರು ಮಾಡಿದೆ. ಅದರ ಕೆಲಸವೇ ಅದು. ನಾವಿಬ್ಬರು ಬುದ್ಧಿವಂತರು ಅದೇ ಲೈನಿಗೆ ಡ್ರಿಲ್ ಚುಚ್ಚಿದ್ದೆವು. ಡ್ರಿಲ್ಲಿನ ಮೈ ಪ್ಲಾಸ್ಟಿಕ್, ಹುಡುಗನ ಕೈ ಕಬ್ಬಿಣಕ್ಕೆ ತಾಗಿರಲಿಲ್ಲ. ಬಚಾವಾದ.

ಉಲ್ಟಾ ಮಾಡಿದರೂ ತಪ್ಪೇ. ಇನ್ವರ್ಟರ್ ಮಾತ್ರ ಆಫ್ ಮಾಡಿ ಮೈನ್ ಬಿಟ್ಟರೆ, ಮೈನಿನ ಕರೆಂಟ್ ಇನ್ವರ್ಟರ್ ಒಳಗಿಂದ ಹಾದು ಅದೇ ಲೈನಿಗೆ ಬರಬಹುದು. ಎರಡೂ ಆಫ್ ಆಗಬೇಕು. ಆಮೇಲೆ ಹತ್ತಿರದ ಲೈಟ್ ಹಾಕಿ ನೋಡಬೇಕು, ಟೆಸ್ಟರ್ ಇಟ್ಟೂ ನೋಡಬೇಕು. "ಆರ್‌ಸಿಸಿಬಿ ಇದೆ, ಕಾಯುತ್ತದೆ" ಅಂತ ಕೆಲವರು ಹೇಳುತ್ತಾರೆ. ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ ಅದು. ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರಿದರೆ ಟ್ರಿಪ್ ಆಗುತ್ತದೆ, ಒಳ್ಳೆಯ ಸಾಮಾನು, ಇರಲೇಬೇಕು. ಆದರೆ ಮೈನ್ ಹತ್ತಿರ ಕೂತಿರುವ ಅದಕ್ಕೆ, ಬ್ಯಾಟರಿಯಿಂದ ಹೊರಟ ಕರೆಂಟ್ ಸೋರಿದರೆ ಹೇಗೆ ಗೊತ್ತಾಗಬೇಕು?

ಸರಿ, ವೈರ್ ಹೋಗುವ ಪೈಪ್ ಅಲ್ಲಿ ಯಾಕಿತ್ತು? ನನ್ನ ಲೆಕ್ಕ ಗೋಡೆಯ ಲೆಕ್ಕ. ಗೋಡೆಯಲ್ಲಿ ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ನೇರ ಅಕ್ಕಪಕ್ಕ ತೂತು ಹಾಕಬಾರದು. ಸೀಲಿಂಗಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಸೆಂಟ್ರಿಂಗ್ ಅಂದರೆ ಕಾಂಕ್ರೀಟ್ ಹೊರಲು ಕೆಳಗೆ ಕಟ್ಟುವ ಹಲಗೆ, ಅದರ ಮೇಲೆ ಕಬ್ಬಿಣ ಕಟ್ಟಿ ಆದ ಮೇಲೆ ಎಲೆಕ್ಟ್ರಿಷಿಯನ್ ಬಂದು ಪೈಪ್ ಎಳೆಯುತ್ತಾರೆ. ಮೇಲೆ ಬಿಸಿಲು, ನಾಳೆ ಬೆಳಿಗ್ಗೆ ಕಾಂಕ್ರೀಟ್. ಅವರು ಮೂಲೆ ಹಿಡಿದು ಯಾಕೆ ಹೋಗುತ್ತಾರೆ? ಫ್ಯಾನ್, ಲೈಟ್ ಹಾಕುವ ಒಂದು ಬಾಕ್ಸಿನಿಂದ ಇನ್ನೊಂದಕ್ಕೆ ಅಡ್ಡಡ್ಡ, ಎಷ್ಟು ಹತ್ತಿರದ ದಾರಿಯೋ ಅಷ್ಟು. ಹಾಲಿನ ಫ್ಯಾನಿನ ಪೈಪ್ ಪ್ಯಾಸೇಜ್ ದಾಟಿ ಹೋಗಿರುತ್ತದೆ. ಕೆಳಗೆ ನಿಂತವನಿಗೆ ಕಾಣುವುದು ಬಿಳಿ ಪೇಂಟ್ ಮಾತ್ರ.

ಆಳದ ವಿಷಯವೂ ಇದೆ. ಪೈಪ್ ಸಾಮಾನ್ಯವಾಗಿ ಕೆಳಗಿನ ಕಬ್ಬಿಣದ ಮೇಲೆ ಕೂತಿರುತ್ತದೆ. ಕಬ್ಬಿಣದ ಅಡಿಗೆ ಸುಮಾರು 20 ಮಿಲಿಮೀಟರ್ ಕಾಂಕ್ರೀಟ್, ಮೇಲೆ ಎರಡು ಸಾಲು ಸರಳು. ಅಂದರೆ ಒಂದು ಇಂಚಿನವರೆಗೆ ಹೆಚ್ಚಿನ ಕಡೆ ಅಪಾಯ ಕಮ್ಮಿ. ಆದರೆ ಫ್ಯಾನ್ ಬಾಕ್ಸ್, ಲೈಟ್ ಬಾಕ್ಸ್ ಹತ್ತಿರ ಬಂದಾಗ ಅದೇ ಪೈಪ್ ಬಾಕ್ಸಿಗೆ ಸೇರಲು ಕೆಳಕ್ಕೆ ಇಳಿಯುತ್ತದೆ. ಅದಕ್ಕೇ ಬಾಕ್ಸಿನ ಸುತ್ತ ಒಂದಡಿ ನಾನು ಈಗ ಮುಟ್ಟುವುದಿಲ್ಲ. ಬಿಟ್‌ಗೆ ಬೇಕಾದ ಅಳತೆಗೆ ಇನ್ಸುಲೇಷನ್ ಟೇಪ್ ಸುತ್ತಿದರೆ ಅಲ್ಲಿಗೆ ನಿಲ್ಲಿಸಬಹುದು. ಐದು ರೂಪಾಯಿಯ ಕೆಲಸವೂ ಅಲ್ಲ. ನಮ್ಮ ಹುಡುಗ ಎಷ್ಟು ಆಳ ಹೋದ? ಅವನಿಗೂ ಗೊತ್ತಿಲ್ಲ. ಬಿಟ್ ಹೊರಗೆ ತೆಗೆದಾಗ ಅದರ ಸುರುಳಿಯಲ್ಲಿ ಕಾಂಕ್ರೀಟ್ ಹುಡಿಯ ಜೊತೆ ಪ್ಲಾಸ್ಟಿಕ್‌ನ ಸಣ್ಣ ಚೂರು ಸುತ್ತಿಕೊಂಡಿತ್ತು, ತೆಂಗಿನಕಾಯಿ ತುರಿಯ ಹಾಗೆ.

ಡಿಟೆಕ್ಟರ್ ಇಲ್ಲವಾ ಅಂತ ಕೇಳಬಹುದು. ಇದೆ, ನಾನೂ ಆಮೇಲೆ ತಗೊಂಡೆ. ಸ್ಲ್ಯಾಬ್ ತುಂಬ ಕಬ್ಬಿಣ ಅಲ್ವಾ, ಲೋಹ ಹುಡುಕುವ ಮೋಡ್‌ನಲ್ಲಿ ಎಲ್ಲಿ ಇಟ್ಟರೂ ಬೀಪ್. ಕರೆಂಟ್ ಹುಡುಕುವ ಮೋಡ್‌ನಲ್ಲಿ, ಆಫ್ ಮಾಡಿದ ಸ್ವಿಚ್ಚಿನಿಂದ ಆಚೆಗಿನ ವೈರ್ ಸಿಗುವುದಿಲ್ಲ. ಎಲ್ಲ ಸ್ವಿಚ್ ಆನ್ ಮಾಡಿ ಮೊದಲು ಹುಡುಕಬೇಕು, ಆಮೇಲೆ ಎಲ್ಲ ಆಫ್ ಮಾಡಿ ಕೊರೆಯಬೇಕು. ಬೀಪ್ ಬಂದ ಕಡೆ ಬಿಟ್ಟುಬಿಡಿ. ಬರಲಿಲ್ಲ ಅಂತ ಮಾತ್ರ ಧೈರ್ಯ ಬೇಡ.

ಫಾಲ್ಸ್ ಸೀಲಿಂಗ್ ಇನ್ನೂ ಕಷ್ಟ. ಎಷ್ಟೋ ಕಡೆ ಜಿಪ್ಸಂ ಬೋರ್ಡಿನ ಮೇಲೆ ಪೈಪೂ ಇಲ್ಲದೆ ವೈರ್ ಸುಮ್ನೆ ಬಿದ್ದುಕೊಂಡಿರುತ್ತದೆ. ಅಲ್ಲಿಗೆ ಉದ್ದ ಸ್ಕ್ರೂ ಹಾಕುವ ಮೊದಲು ಒಂದು ಲೈಟ್ ಕಳಚಿ, ಆ ತೂತಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ.

ಉಡುಪಿಯಲ್ಲಿ ನಮ್ಮ ಅಜ್ಜಿಯ ಹಂಚಿನ ಮನೆ ನೆನಪಾಗುತ್ತದೆ. ಮರದ ಮುಚ್ಚಿಗೆ, ಅದರ ಮೇಲೆ ಮರದ ಪಟ್ಟಿ, ಪಟ್ಟಿಯ ಮೇಲೆ ಕ್ಲಿಪ್ ಹೊಡೆದ ವೈರ್. ಚಂದ ಇರಲಿಲ್ಲ. ಆದರೆ ತೊಟ್ಟಿಲಿಗೆ ಕೊಂಡಿ ಹಾಕಲು ಬಂದ ಆಚಾರಿಗೆ ಕರೆಂಟ್ ಎಲ್ಲಿ ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ.

ನನ್ನ ಸಿಟ್ಟು ಇಲ್ಲಿದೆ. ಫ್ಲ್ಯಾಟ್ ಕೊಡುವಾಗ ಬೀಗದ ಕೈ ಕೊಟ್ಟರು, ಸ್ವೀಟ್ ಬಾಕ್ಸ್ ಕೊಟ್ಟರು, ಗಣಪತಿ ಮೂರ್ತಿಯನ್ನೂ ಕೊಟ್ಟರು. ಸ್ಲ್ಯಾಬಿನಲ್ಲಿ ಪೈಪ್ ಎಲ್ಲಿದೆ ಅನ್ನುವ ಒಂದು ಫೋಟೋ ಕೊಡಲಿಲ್ಲ. ಕೇಳಿದರೆ, "ಎಲೆಕ್ಟ್ರಿಷಿಯನ್‌ಗೆ ಗೊತ್ತುಂಟು ಸರ್." ಆ ಎಲೆಕ್ಟ್ರಿಷಿಯನ್ ಗಲ್ಫಿಗೆ ಹೋಗಿ ನಾಲ್ಕು ವರ್ಷ ಆಯಿತು. ಕಾಂಕ್ರೀಟ್ ಬೀಳುವ ಮೊದಲು ಹತ್ತು ನಿಮಿಷ ಮೊಬೈಲ್ ಹಿಡಿಯಲು ಯಾರಿಗೆ ಏನು ಕಷ್ಟ? ಮನೆ ಕೊಳ್ಳುವವರು ಟೈಲ್ಸ್ ಬಣ್ಣಕ್ಕೆ ನಾಲ್ಕು ಸಲ ಸೈಟಿಗೆ ಹೋಗುತ್ತಾರೆ, ಪೈಪ್ ಹಾಸುವ ದಿನ ಒಬ್ಬರೂ ಇರುವುದಿಲ್ಲ. ನಾನೂ ಇರಲಿಲ್ಲ.

ಆ ತೂತಿಗೆ ಪುಟ್ಟಿ ಮೆತ್ತಿ ಬಿಡೋಣ ಅಂದ ಹುಡುಗ. ನಾನು ಬಿಡಲಿಲ್ಲ. ಸಿಪ್ಪೆ ಹೋದ ವೈರ್ ಇವತ್ತು ಸುಮ್ಮನಿರಬಹುದು. ನಮ್ಮೂರಲ್ಲಿ ಟೆರೇಸ್ ಸೋರಿದರೆ ನೀರು ಪೈಪ್ ಹಿಡಿದು ಬಂದು ಫ್ಯಾನಿನ ಬುಡದಲ್ಲಿ ತೊಟ್ಟಿಕ್ಕುತ್ತದೆ. ಆ ನೀರು ಈ ವೈರಿಗೆ ಸಿಕ್ಕಿದರೆ? ಬೇರೆ ಎಲೆಕ್ಟ್ರಿಷಿಯನ್ ಕರೆಸಿ, ಬಾಕ್ಸಿನಿಂದ ಬಾಕ್ಸಿಗೆ ಹಳೆ ವೈರ್ ಎಳೆದು ಹೊಸದು ಹಾಕಿಸಿದೆ. ಹ್ಯಾಂಗರಿಗಿಂತ ಜಾಸ್ತಿ ಖರ್ಚಾಯಿತು.

ಈಗ ಪರ್ಕಳದಲ್ಲಿ ತಮ್ಮ ಮನೆ ಕಟ್ಟಿಸುತ್ತಿದ್ದಾನೆ. ಶನಿವಾರ ಸ್ಲ್ಯಾಬ್. ಶುಕ್ರವಾರ ಸಂಜೆ ನಾನು ಅಳತೆ ಟೇಪ್ ಹಿಡಿದುಕೊಂಡು ಸೆಂಟ್ರಿಂಗ್ ಹತ್ತುತ್ತೇನೆ. ಒಂದೊಂದು ಕೋಣೆಯ ಪೈಪ್ ಪಕ್ಕ ಟೇಪ್ ಬಿಡಿಸಿಟ್ಟು, ಗೋಡೆಯಿಂದ ಎಷ್ಟು ದೂರ ಅಂತ ಕಾಣುವ ಹಾಗೆ ಫೋಟೋ ತೆಗೆಯಬೇಕು. ಅಮ್ಮನೂ ಬರುತ್ತೇನೆ ಅಂದಿದ್ದಾರೆ. ಬಟ್ಟೆ ಹ್ಯಾಂಗರ್ ಎಲ್ಲಿ ಬರಬೇಕು ಅಂತ ಅವರೇ ತೋರಿಸುತ್ತಾರಂತೆ.