ಫಾರಿನ್ ಓದಿಗೂ ಪಹಣಿ ಬೇಕಾ? ಶಂಕರಘಟ್ಟದಿಂದ ಒಂದು ವ್ಲಾಗ್

ನಮಸ್ಕಾರ ಎಲ್ಲರಿಗೂ. ಇವತ್ತಿನ ವಿಡಿಯೋದಲ್ಲಿ ಜೋಗ ಇಲ್ಲ, ಕೊಡಚಾದ್ರಿ ಇಲ್ಲ, ಮಳೆಯಲ್ಲಿ ಬೈಕ್ ರೈಡೂ ಇಲ್ಲ. ಕಾಗದಪತ್ರ ಇದೆ, ಅದೂ ಜಾಸ್ತಿಯೇ ಇದೆ. ನನ್ನ ಚಿಕ್ಕಪ್ಪನ ಮಗಳು ಸಾಗರದಲ್ಲಿ ಕೊನೆಯ ವರ್ಷದ ಬಿ.ಎಸ್ಸಿ ಓದುತ್ತಿದ್ದಾಳೆ. ಬಾಟನಿ ಅಂದರೆ ಪ್ರಾಣ. ಮುಂದಕ್ಕೆ ಹೊರದೇಶದಲ್ಲಿ ಓದಬೇಕು ಅಂತ ಹಟ ಹಿಡಿದಿದ್ದಾಳೆ. ಕಾಮೆಂಟ್‌ನಲ್ಲಿ ನೀವೂ ಇದನ್ನೇ ಕೇಳುತ್ತಿದ್ದಿರಿ ಅಲ್ವಾ, "ನಮ್ಮ ಕಡೆಯವರಿಗೆ ಇದೆಲ್ಲ ಆಗುತ್ತಾ" ಅಂತ. ಆಗುತ್ತದೆ. ಆದರೆ ತಡೆಯುವುದು ಇಂಗ್ಲಿಷೂ ಅಲ್ಲ, ಮಾರ್ಕ್ಸೂ ಅಲ್ಲ. ಅದು ಏನು ಅಂತ ಮುಂದೆ ನೋಡೋಣ.

ಈಗ ಕಾಣುತ್ತಿರುವುದು ಶಂಕರಘಟ್ಟ. ಕುವೆಂಪು ವಿಶ್ವವಿದ್ಯಾಲಯದ ಜ್ಞಾನ ಸಹ್ಯಾದ್ರಿ ಕ್ಯಾಂಪಸ್. 1987ರಲ್ಲಿ ಶುರುವಾದ ವಿವಿ. ಶಿವಮೊಗ್ಗದಿಂದ ಭದ್ರಾವತಿ ದಾಟಿ ಬಿ.ಆರ್. ಪ್ರಾಜೆಕ್ಟ್ ಕಡೆಯ ಬಸ್ ಹಿಡಿದರೆ ಬರಬಹುದು. ಹಿಂದೆ ಕಾಣುವ ಗುಡ್ಡದ ಸಾಲಿನ ಕಡೆಗೇ ಭದ್ರಾ ಅಣೆಕಟ್ಟು ಇರುವುದು. ಇಷ್ಟು ಚಂದದ ಕ್ಯಾಂಪಸ್ ಬಿಟ್ಟು ಯಾಕೆ ಹೋಗಬೇಕು ಅಂತ ಚಿಕ್ಕಪ್ಪ ಬಸ್ ಇಳಿದ ತಕ್ಷಣ ಕೇಳಿದರು. ತಂಗಿ ಕೇಳಿಸದ ಹಾಗೆ ಮುಂದೆ ನಡೆದಳು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. "ಫಾರಿನ್‌ನಲ್ಲಿ ಓದುವುದು" ಅಂದ ಕೂಡಲೇ ನಮ್ಮವರಿಗೆ ಎರಡು ವರ್ಷದ ಎಂ.ಎಸ್, ಐವತ್ತು ಲಕ್ಷ ಸಾಲ, ಇಷ್ಟೇ ಕಣ್ಣಿಗೆ ಬರುತ್ತದೆ. ಒಂದೇ ಸೆಮಿಸ್ಟರ್ ಹೋಗಿ ಬರುವುದೂ ಇದೆ. ಇದಕ್ಕೆ ಎಕ್ಸ್‌ಚೇಂಜ್ ಅನ್ನುತ್ತಾರೆ. ಎರಡು ವಿವಿಗಳ ನಡುವೆ ಒಡಂಬಡಿಕೆ ಇದ್ದರೆ, ನೀವು ಇಲ್ಲಿನ ಫೀಸನ್ನೇ ಇಲ್ಲಿ ಕಟ್ಟಿ ಅಲ್ಲಿ ಕೂತು ಓದಬಹುದು. ಅಲ್ಲಿನ ಫೀಸ್ ಸಾಮಾನ್ಯವಾಗಿ ಮನ್ನಾ. ವಿಮಾನ, ಊಟ, ರೂಮು ನಿಮ್ಮ ಖರ್ಚು. ಯುರೋಪಿನ ಇರಾಸ್ಮಸ್ ಪ್ಲಸ್ ಯೋಜನೆಯಲ್ಲಿ ಹೋದರೆ ಆ ಖರ್ಚಿಗೂ ದುಡ್ಡು ಕೊಡುತ್ತಾರೆ.

ಇಲ್ಲಿ ಒಂದು ಕಾಗದವನ್ನು ಮಾತ್ರ ಮರೆಯಬೇಡಿ. ಹೆಸರು ಲರ್ನಿಂಗ್ ಅಗ್ರಿಮೆಂಟ್. ಅಲ್ಲಿ ಓದುವ ಯಾವ ವಿಷಯವನ್ನು ಇಲ್ಲಿ ಯಾವುದಕ್ಕೆ ಲೆಕ್ಕ ಹಿಡಿಯುತ್ತಾರೆ ಅನ್ನುವುದನ್ನು ಹೋಗುವ ಮೊದಲೇ ಬರೆದು, ಎರಡೂ ಕಡೆಯವರ ಸಹಿ ಹಾಕಿಸಬೇಕು. ಇದಿಲ್ಲದೆ ಹೋದರೆ ವಾಪಸ್ ಬಂದಮೇಲೆ ಆ ಕ್ರೆಡಿಟ್‌ಗೆ ಬೆಲೆ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಆರು ತಿಂಗಳು ಸುಮ್ನೆ ತಿರುಗಾಡಿ ಬಂದಂತೆ.

ಇನ್ನು ಜಂಟಿ ಪದವಿ. ಅಂದರೆ ಇಲ್ಲಿನ ವಿವಿ, ಹೊರಗಿನ ವಿವಿ ಎರಡೂ ಸೇರಿ ಕೊಡುವ ಡಿಗ್ರಿ. 2022ರಲ್ಲಿ ವಿವಿಗಳ ಮೇಲ್ವಿಚಾರಣೆ ಮಾಡುವ ಯುಜಿಸಿ ಇದಕ್ಕೆ ನಿಯಮ ಮಾಡಿತು. ಇಲ್ಲಿನ ಸಂಸ್ಥೆಗೆ ಗುಣಮಟ್ಟ ಅಳೆಯುವ ನ್ಯಾಕ್‌ನ ಅಂಕ 3.01ಕ್ಕಿಂತ ಕಡಿಮೆ ಇರಬಾರದು, ಇಲ್ಲವೇ ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್ ವಿವಿಗಳ ಪಟ್ಟಿಯ ಮೊದಲ ನೂರರಲ್ಲಿ ಇರಬೇಕು. ಹೊರಗಿನ ವಿವಿ ಜಾಗತಿಕ ಪಟ್ಟಿಯ ಮೊದಲ ಸಾವಿರದೊಳಗೆ ಇರಬೇಕು. ಜಾಹೀರಾತಿನಲ್ಲಿ "ಇಂಟರ್‌ನ್ಯಾಷನಲ್ ಡಿಗ್ರಿ" ಅಂತ ದೊಡ್ಡ ಅಕ್ಷರ ಕಂಡರೆ ಮೊದಲು ಈ ಎರಡು ಪ್ರಶ್ನೆ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ. ಈಗ ಹೊರಗಿನ ವಿವಿಗಳು ಇಲ್ಲಿಗೇ ಬರುತ್ತಿವೆ, ಲಿವರ್‌ಪೂಲ್ ವಿವಿ ಬೆಂಗಳೂರಿನಲ್ಲಿ ಕ್ಯಾಂಪಸ್ ಘೋಷಿಸಿದೆ. ಅದು ಬೇರೆಯೇ ಕಥೆ, ಇನ್ನೊಂದು ವಿಡಿಯೋಗೆ ಇಟ್ಟುಕೊಳ್ಳೋಣ.

ನಾವು ಇಲ್ಲಿಗೆ ಬಂದಿದ್ದು ಟ್ರಾನ್‌ಸ್ಕ್ರಿಪ್ಟ್ ಬಗ್ಗೆ ವಿಚಾರಿಸಲು. ಮಾರ್ಕ್ಸ್ ಕಾರ್ಡ್ ಇದ್ದರೆ ಸಾಕಲ್ಲ ಅನ್ನಬೇಡಿ. ಎಲ್ಲ ಸೆಮಿಸ್ಟರ್‌ನ ವಿಷಯ, ಕ್ರೆಡಿಟ್, ಅಂಕ ಒಂದೇ ಕಡೆ ಬರೆದು ವಿವಿಯೇ ಸಹಿ ಮಾಡಿ ಕೊಡುವ ದಾಖಲೆ ಇದು. ಪರೀಕ್ಷಾಂಗ ವಿಭಾಗದ ಕೆಲಸ. ಒಳಗೆ ನಾನು ಕ್ಯಾಮೆರಾ ತೆಗೆಯಲಿಲ್ಲ, ಕೆಲಸ ಮಾಡುವವರ ಮುಖದ ಮುಂದೆ ಫೋನ್ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಜರ್ಮನಿಯವರು ನಮ್ಮ ಅಂಕವನ್ನು ಹೇಗೆ ಲೆಕ್ಕ ಹಾಕುತ್ತಾರೆ ಗೊತ್ತಾ? ಅಲ್ಲಿ 1.0 ಅಂದರೆ ಅತ್ಯುತ್ತಮ, 4.0 ಅಂದರೆ ಪಾಸ್. ನಮ್ಮದಕ್ಕೆ ತಿರುಗುಮುರುಗು. ಹತ್ತರ ಸಿಜಿಪಿಎಯಲ್ಲಿ ಪಾಸಿಗೆ 4 ಬೇಕು, ನಿಮ್ಮದು 8 ಇದೆ ಅಂದುಕೊಳ್ಳಿ. ಹತ್ತರಿಂದ ಎಂಟು ಕಳೆದರೆ ಎರಡು. ಹತ್ತರಿಂದ ನಾಲ್ಕು ಕಳೆದರೆ ಆರು. ಎರಡನ್ನು ಆರರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. 2.0 ಬಂತು. ಅಲ್ಲಿ ಅದು ಒಳ್ಳೆಯ ದರ್ಜೆ. ತಂಗಿ ಬಸ್ಸಿನಲ್ಲೇ ಲೆಕ್ಕ ಹಾಕಿ ಚಿಕ್ಕಪ್ಪನಿಗೆ ತೋರಿಸಿದಳು. "ಎರಡು ಬಂದಿದ್ದಕ್ಕೆ ಇಷ್ಟು ಖುಷಿಯಾ ಮಾರಾಯ್ತಿ" ಅಂದರು ಅವರು.

ಮೂರು ವರ್ಷದ ಡಿಗ್ರಿ ಇನ್ನೊಂದು ತಲೆನೋವು. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ತಂದರು, 2024-25ರಿಂದ ಮತ್ತೆ ಮೂರಕ್ಕೆ ಬಂತು. ಅಮೆರಿಕದ ಬಹಳಷ್ಟು ವಿವಿಗಳು ಮಾಸ್ಟರ್ಸ್‌ಗೆ ಒಟ್ಟು ಹದಿನಾರು ವರ್ಷದ ಓದು ಕೇಳುತ್ತವೆ. ಬ್ರಿಟನ್‌ನಲ್ಲಿ ಮೂರು ವರ್ಷದ್ದು ನಡೆಯುತ್ತದೆ. ಜರ್ಮನಿಯಲ್ಲಿ ಕೋರ್ಸಿನಿಂದ ಕೋರ್ಸಿಗೆ ಬೇರೆ ಬೇರೆ. ನನ್ನನ್ನು ಕೇಳಿದರೆ ಇಲ್ಲೇ ಒಂದು ಎಂ.ಎಸ್ಸಿ ಮುಗಿಸಿ ಹೋಗುವುದು ಏನೂ ಕೆಟ್ಟದ್ದಲ್ಲ. ಆಮೇಲೆ ಪಿಎಚ್.ಡಿಗೆ ಹೋದರೆ ಯುರೋಪಿನ ಹಲವು ಕಡೆ ಸಂಬಳ ಕೊಟ್ಟು ಓದಿಸುತ್ತಾರೆ. ತಂಗಿಗೆ ಈ ಮಾತು ರುಚಿಸಲಿಲ್ಲ.

ಹೆಸರಿನ ವಿಷಯಕ್ಕೆ ಬರೋಣ. ನಮ್ಮ ಕಡೆ ಇನಿಷಿಯಲ್ ಇಲ್ಲದ ಹೆಸರೇ ಕಡಿಮೆ. ಊರಿನದ್ದೊಂದು, ಅಪ್ಪನದ್ದೊಂದು. ಪಾಸ್‌ಪೋರ್ಟ್‌ಗೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಆಧಾರ್‌ನಲ್ಲಿ ಒಂದು ಥರ, ಪಾಸ್‌ಪೋರ್ಟ್‌ನಲ್ಲಿ ಮತ್ತೊಂದು ಥರ ಆದರೆ ವೀಸಾ ಅರ್ಜಿಯ ಹೊತ್ತಿಗೆ ಅಫಿಡವಿಟ್ ಹಿಡಿದು ಓಡಾಡಬೇಕಾಗುತ್ತದೆ. ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು", ಅಂದರೆ ಮೊದಲ ಹೆಸರು ಗೊತ್ತಿಲ್ಲ, ಅಂತ ಅಚ್ಚಾಗುತ್ತದೆ. ಪಾಸ್‌ಪೋರ್ಟ್ ಕೆಲಸ ಶಿವಮೊಗ್ಗದ ಅಂಚೆ ಕಚೇರಿಯ ಕೇಂದ್ರದಲ್ಲೇ ಆಗುತ್ತದೆ, ಬೆಂಗಳೂರಿಗೆ ಹೋಗಬೇಕಾಗಿಲ್ಲ. ಫಾರ್ಮ್ ತುಂಬುವಾಗ ಮಾತ್ರ ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ನೋಡಿ.

ಈಗ ಶಿವಮೊಗ್ಗಕ್ಕೆ ವಾಪಸ್. ಇದು ಬ್ಯಾಂಕು. ಯಾವುದು ಅಂತ ಹೇಳುವುದಿಲ್ಲ, ಬೋರ್ಡು ಮಸುಕು ಮಾಡಿದ್ದೇನೆ. ಚಿಕ್ಕಪ್ಪ ಪ್ಲಾಸ್ಟಿಕ್ ಕವರಿನಿಂದ ಅಡಿಕೆ ತೋಟದ ಪಹಣಿ ತೆಗೆದು ಮೇಜಿನ ಮೇಲೆ ಇಟ್ಟರು. ಅವರ ಕೈಲಿ ಅದಕ್ಕಿಂತ ದೊಡ್ಡ ಕಾಗದ ಇನ್ನೊಂದಿಲ್ಲ. ಅಧಿಕಾರಿ ಅದನ್ನು ಮುಟ್ಟಲೂ ಇಲ್ಲ. "ಕೃಷಿ ಜಮೀನು ಆಗುವುದಿಲ್ಲ ಸರ್. ಪೇಟೆಯಲ್ಲಿ ಮನೆ, ಸೈಟು ಏನಾದರೂ ಇದೆಯಾ? ಇ-ಖಾತಾ ಇರಬೇಕು."

ಅಧಿಕಾರಿಯನ್ನು ಬೈದು ಪ್ರಯೋಜನ ಇಲ್ಲ. ಸಾಲ ವಸೂಲಿಗೆ ಬ್ಯಾಂಕುಗಳು ನೆಚ್ಚಿಕೊಂಡಿರುವುದು 2002ರ ಸರ್ಫೇಸಿ ಕಾಯ್ದೆಯನ್ನು. ಆ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಕೋರ್ಟಿಗೆ ಹೋಗದೆ ಹರಾಜು ಹಾಕಲು ಬಾರದ ಜಮೀನನ್ನು ಅವರು ಅಡಮಾನಕ್ಕೆ ಯಾಕೆ ತೆಗೆದುಕೊಳ್ಳುತ್ತಾರೆ? ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ 7.5 ಲಕ್ಷದವರೆಗೆ ಅಡಮಾನ ಬೇಡ. ಅದರ ಮೇಲೆ ಬೇಕು. ಹೊರದೇಶದ ಓದಿಗೆ ಬಹಳ ಕಡೆ ಏಳೂವರೆ ಎಲ್ಲಿಗೆ ಸಾಕು? ಕಾಲೇಜು ಮುಗಿಸಿದ ಪೇಟೆಯ ಹುಡುಗನಿಗೆ ಒಂದು ಮೂವತ್ತು-ನಲವತ್ತರ ಸೈಟು ಇದ್ದರೆ ಸಾಲ ಸಿಗುತ್ತದೆ. ನಾಲ್ಕು ಎಕರೆ ಫಸಲು ಬರುವ ತೋಟ ಇದ್ದವರಿಗೆ ಸಿಗುವುದಿಲ್ಲ. ಇನ್ನು ಬಗರ್‌ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರು, ಶರಾವತಿಯಲ್ಲಿ ಮುಳುಗಡೆಯಾಗಿ ಬಂದು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿರುವವರು, ಅವರ ಮಕ್ಕಳು ಏನು ಮಾಡಬೇಕು? ನಾನು ಮೊದಲು ಹೇಳಿದ ತಡೆ ಇದೇ. ಅಡಮಾನ ಇಲ್ಲದೆ ಕೊಡುವ ಖಾಸಗಿ ಕಂಪನಿಗಳಿವೆ, ಬಡ್ಡಿ ಜಾಸ್ತಿ. ಮತ್ತೆ ಕಂತು ಕಟ್ಟುವುದು ಓದು ಮುಗಿದಮೇಲಾದರೂ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ.

ಪಕ್ಕದ ರಸ್ತೆಯಲ್ಲಿ ಕನ್ಸಲ್ಟೆನ್ಸಿ ಬೋರ್ಡುಗಳು ಸಾಲಾಗಿವೆ. ಒಂದರೊಳಗೆ ಹೋದೆವು. "ಸರ್ವಿಸ್ ಪೂರ್ತಿ ಫ್ರೀ" ಅಂದರು. ಫ್ರೀ ಯಾಕೆ ಅಂದರೆ ಅವರಿಗೆ ಕಮಿಷನ್ ಕೊಡುವುದು ಆ ಕಡೆಯ ವಿವಿ. ಹಾಗಾಗಿ ಫೀಸ್ ಜಾಸ್ತಿ ಇರುವ ವಿವಿಗಳೇ ಅವರ ಪಟ್ಟಿಯಲ್ಲಿ ಮೇಲಿರುತ್ತವೆ. ಜರ್ಮನಿಯ ಸರ್ಕಾರಿ ವಿವಿ ಬಗ್ಗೆ ಕೇಳಿದರೆ "ಅದು ತುಂಬಾ ಕಷ್ಟ ಮೇಡಂ" ಅಂದರು. ಕಷ್ಟ ಯಾರಿಗೆ ಅಂತ ನನಗೆ ಅರ್ಥವಾಯಿತು.

ಜರ್ಮನಿಯ ಲೆಕ್ಕ ನೋಡಿ. ಬಹುತೇಕ ಸರ್ಕಾರಿ ವಿವಿಗಳಲ್ಲಿ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ 2017ರಿಂದ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಮ್ಯೂನಿಕ್‌ನ ತಾಂತ್ರಿಕ ವಿವಿಯೂ 2024ರಿಂದ ಶುಲ್ಕ ಶುರುಮಾಡಿದೆ. ಆದರೆ ಬದುಕಲು ದುಡ್ಡಿದೆ ಅಂತ ವೀಸಾಗೆ ಮೊದಲೇ ತೋರಿಸಬೇಕು. ಬ್ಲಾಕ್ಡ್ ಅಕೌಂಟ್ ಅನ್ನುತ್ತಾರೆ. ವರ್ಷಕ್ಕೆ 11,904 ಯೂರೋ, ಅಂದರೆ ಹನ್ನೆರಡು ಲಕ್ಷ ರೂಪಾಯಿ ಆಸುಪಾಸು. ದುಡ್ಡು ನಿಮ್ಮದೇ, ತಿಂಗಳಿಗೆ 992 ಯೂರೋ ಬಿಡುತ್ತಾರೆ. ಚಿಕ್ಕಪ್ಪ ಅಲ್ಲೇ ಲೆಕ್ಕ ಹಾಕಿದರು: ಕ್ವಿಂಟಲಿಗೆ ಐವತ್ತು ಸಾವಿರ ಹಿಡಿದರೆ ಇಪ್ಪತ್ತನಾಲ್ಕು ಕ್ವಿಂಟಲ್ ರಾಶಿ ಅಡಿಕೆ. ಎಲೆಚುಕ್ಕಿ ರೋಗ ಬಂದ ತೋಟದಲ್ಲಿ ಅಷ್ಟು ಸುಲಭಕ್ಕೆ ಆಗುವ ಮಾತಲ್ಲ ಅದು. ಇದರ ಜೊತೆಗೆ 2022ರ ನವೆಂಬರ್‌ನಿಂದ ಭಾರತದವರಿಗೆ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ನಿಮ್ಮ ದಾಖಲೆ ಅಸಲಿ ಅಂತ ಪರಿಶೀಲಿಸಿ ಕೊಡುವುದು. 18,000 ರೂಪಾಯಿ ಶುಲ್ಕ, ಸಮಯವೂ ಹಿಡಿಯುತ್ತದೆ.

ಹಾಗಾದರೆ ತೋಟದವರ ಮಕ್ಕಳಿಗೆ ದಾರಿ? ನನ್ನ ಪ್ರಕಾರ ಸಾಲಕ್ಕಿಂತ ಮೊದಲು ವಿದ್ಯಾರ್ಥಿವೇತನ ಹುಡುಕಬೇಕು, ಅದೂ ಒಂದು ವರ್ಷ ಮುಂಚೆ. ಇರಾಸ್ಮಸ್ ಮುಂಡಸ್ ನನಗೆ ಬಹಳ ಇಷ್ಟವಾದದ್ದು. ಒಂದರಿಂದ ಎರಡು ವರ್ಷದ ಮಾಸ್ಟರ್ಸ್, ಕನಿಷ್ಠ ಎರಡು ದೇಶದಲ್ಲಿ ಓದು, ಆಯ್ಕೆಯಾದರೆ ಫೀಸ್ ಇಲ್ಲ, ತಿಂಗಳಿಗೆ 1,400 ಯೂರೋ ಕೈಗೆ. ಕೊನೆಯ ವರ್ಷದಲ್ಲಿ ಇರುವಾಗಲೇ ಅರ್ಜಿ ಹಾಕಬಹುದು. ಹೆಚ್ಚಿನ ಕೋರ್ಸುಗಳ ಅರ್ಜಿ ಅಕ್ಟೋಬರ್‌ನಿಂದ ಜನವರಿ ಒಳಗೆ ಮುಗಿಯುತ್ತದೆ. ಅಂದರೆ ನಮ್ಮಲ್ಲಿ ಅಡಿಕೆ ಕೊನೆಕೊಯ್ಲು ನಡೆಯುವ ಹೊತ್ತು, ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಜಪಾನಿನ ಮೆಕ್ಸ್ಟ್ ಇದೆ, ಜರ್ಮನಿಯ ಡಾಡ್ ಇದೆ. ಬ್ರಿಟನ್ನಿನ ಚೀವ್ನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದಿದಮೇಲೆ ನಮ್ಮ ದೇಶಕ್ಕೆ ವಾಪಸ್ ಬಂದು ಎರಡು ವರ್ಷ ಇರಲೇಬೇಕು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೃಷಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ಮನೆಯ ಆದಾಯ ಎಂಟು ಲಕ್ಷದೊಳಗೆ ಇರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆಯೂ ಇದೆ, ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ಯಾವ ಕನ್ಸಲ್ಟೆನ್ಸಿಯೂ ಇದನ್ನೆಲ್ಲ ತಾನಾಗಿ ಹೇಳುವುದಿಲ್ಲ.

ಸಂಜೆ ಊರಿಗೆ ಬಂದೆವು. ಇದು ಚಿಕ್ಕಪ್ಪನ ತೋಟ. ತಂಗಿ ಓದಬೇಕು ಅಂದಿರುವುದು ಗಿಡದ ರೋಗಗಳ ಬಗ್ಗೆ. ಇಲ್ಲಿ ನಾನು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಲೆಸ್ಲಿ ಕೋಲ್ಮನ್ ಅಂತ ಕೆನಡಾದವರು. ಜರ್ಮನಿಯ ಗ್ಯೋಟಿಂಗೆನ್‌ನಲ್ಲಿ ಡಾಕ್ಟರೇಟ್ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಮುಂದೆ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾದರು. ನಮ್ಮ ಅಡಿಕೆಯ ಕೊಳೆರೋಗದ ಮೇಲೆ ಅವರ ಅಧ್ಯಯನ ಬಂದದ್ದು 1910ರಲ್ಲಿ. ಅಲ್ಲಿಯವರೆಗೆ ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟಿ ಮಳೆ ತಡೆಯುವುದೊಂದೇ ಉಪಾಯವಾಗಿತ್ತು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿನ ತೋಟಕ್ಕೆ ತಂದವರು ಅವರು. ಆ ಬೋರ್ಡೋ ಹುಟ್ಟಿದ್ದೂ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ, ದ್ರಾಕ್ಷಿ ಬಳ್ಳಿಗೆ, 1880ರ ದಶಕದಲ್ಲಿ. ಚಿಕ್ಕಪ್ಪನಿಗೆ ಇದನ್ನು ಹೇಳಿದಾಗ ಪಂಪ್ ತೊಳೆಯುವುದನ್ನು ನಿಲ್ಲಿಸಿದರು. "ಹೌದನಾ? ನಾವು ಇಷ್ಟು ವರ್ಷ ಹೊಡೆದದ್ದು ಫ್ರಾನ್ಸಿನದ್ದಾ?"

ಈಗಲೂ ಹೊರಗಿನವರು ನಮ್ಮಲ್ಲಿಗೆ ಓದಲು ಬರುತ್ತಾರೆ. ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರಕ್ಕೆ ಕಾಳಿಂಗ ಸರ್ಪದ ಹಿಂದೆ, ಹೆಗ್ಗೋಡಿನ ನೀನಾಸಂಗೆ ನಾಟಕದ ಹಿಂದೆ. ಅದೇ ಗ್ಯೋಟಿಂಗೆನ್ ವಿವಿಯಲ್ಲಿ ಬೆಳೆ ಸಂರಕ್ಷಣೆಯ ಮಾಸ್ಟರ್ಸ್ ಇಂಗ್ಲಿಷಿನಲ್ಲೇ ಇದೆ. ಬಾಟನಿಯವರನ್ನು ತೆಗೆದುಕೊಳ್ಳುತ್ತೀರಾ, ಮೂರು ವರ್ಷದ ಡಿಗ್ರಿ ಸಾಕಾ ಅಂತ ತಂಗಿ ಮೇಲ್ ಬರೆದಿದ್ದಾಳೆ. ಮೇಲ್ ಬರೆಯಲು ಕಮಿಷನ್ ಇಲ್ಲ, ಅಲ್ವಾ?

ಅರ್ಜಿಗೆ ಎಸ್‌ಒಪಿ ಬೇಕು. ನೀವು ಯಾರು, ಯಾಕೆ ಈ ಓದು ಅಂತ ಬರೆಯುವುದು. ಅವಳ ಮೊದಲ ಸಾಲು "ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ" ಅಂತಿತ್ತು. ಇಂಥದ್ದನ್ನು ಅವರು ದಿನಕ್ಕೆ ಎಷ್ಟು ಓದುತ್ತಾರೋ ಏನೋ. ತೆಗೆಸಿದೆ. ಈ ಶಾಟ್ ನೋಡಿ, ಬೋರ್ಡೋ ತಯಾರಾಗುತ್ತಿದೆ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಚಿಕ್ಕಪ್ಪ ಉಜ್ಜಿದ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಕತ್ತಿ ಮೇಲೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ, ತಾಮ್ರ ಬಂದು ಕಬ್ಬಿಣದ ಮೇಲೆ ಕೂತಿರುತ್ತದೆ. ಹಾಗೇ ಹೊಡೆದರೆ ಅಡಿಕೆಯ ಹೂಗೊಂಚಲು, ಕಾಯಿ ಎಲ್ಲ ಸುಡುತ್ತದೆ. ಚಿಕ್ಕಪ್ಪನಿಗೆ ಕೆಮಿಸ್ಟ್ರಿ ಗೊತ್ತಿಲ್ಲ, ಕತ್ತಿ ಗೊತ್ತು. ತಂಗಿಗೆ ಎರಡೂ ಗೊತ್ತು. ಇದನ್ನೇ ಬರಿ ಅಂದೆ.

ಬರೆದಳು. ಮಿತಿ ಎರಡು ಪುಟ, ಅವಳದ್ದು ಮೂರೂವರೆ ಆಗಿದೆ. ಎಲೆಚುಕ್ಕಿಯ ಭಾಗ ತೆಗೆಯೋಣ ಅಂತ ನಾನು, ಕೋಲ್ಮನ್ ಕಥೆ ತೆಗೆಯೋಣ ಅಂತ ಅವಳು. ಇಬ್ಬರದ್ದೂ ಇನ್ನೂ ಇತ್ಯರ್ಥ ಆಗಿಲ್ಲ. ನೀವಾದರೆ ಯಾವುದನ್ನು ತೆಗೆಯುತ್ತಿದ್ದಿರಿ, ಕೆಳಗೆ ಬರೆಯಿರಿ.