ಕತ್ತಿಯ ನೀಲಿ ಬಣ್ಣ ತುಕ್ಕಲ್ಲ, ತಿಕ್ಕಬೇಡಿ

ಕೇಳುಗರಿಗೆ ನಮಸ್ಕಾರ. ನಿಮ್ಮ ಅಡುಗೆಮನೆಯಲ್ಲಿ ಹಳೇ ಈಳಿಗೆಮಣೆಯೋ ಮೆಟ್ಟುಗತ್ತಿಯೋ ಇದ್ದರೆ ಅದರ ಅಲಗನ್ನು ಒಮ್ಮೆ ನೋಡಿ. ಸ್ಟೇನ್‌ಲೆಸ್ ಸ್ಟೀಲಿನದ್ದಲ್ಲ, ಕಮ್ಮಾರರು ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡಿದ ಹಳೇ ಉಕ್ಕಿನದ್ದು. ಅದರ ಮೈ ಬೂದು, ನೀಲಿ, ಅಲ್ಲಲ್ಲಿ ನೇರಳೆ, ಬುಡದ ಹತ್ತಿರ ಕಪ್ಪು, ಹೀಗೆ ಬಣ್ಣ ತಿರುಗಿರುತ್ತದೆ, ಅಲ್ವಾ? ಅದನ್ನು ಕಂಡ ಕೂಡಲೇ ಸ್ಕ್ರಬ್ಬರ್ ಹುಡುಕುವವರು ಬಹಳ ಜನ ಇದ್ದಾರೆ. ದಯವಿಟ್ಟು ಬೇಡ. ಅದು ತುಕ್ಕಲ್ಲ, ಕೊಳೆಯೂ ಅಲ್ಲ. ತಿಕ್ಕಬೇಡಿ. ಇವತ್ತು ನಾನು ಹೇಳಲು ಬಂದಿರುವುದು ಈ ಒಂದೇ ಮಾತು, ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ.

ತುಕ್ಕು ಅಂದರೆ ಕೆಂಪು. ಕೆಂಪು, ಕಿತ್ತಳೆ, ಇಟ್ಟಿಗೆ ಬಣ್ಣ. ಬೆರಳಿಗೆ ಪುಡಿ ಹತ್ತುತ್ತದೆ. ಅದು ಸಡಿಲವಾದ ಪದರ, ಉಬ್ಬಿಕೊಂಡು ಉದುರುತ್ತದೆ, ಉದುರಿದ ಕಡೆ ಹೊಸ ಕಬ್ಬಿಣ ಗಾಳಿಗೆ ಬೀಳುತ್ತದೆ, ಅಲ್ಲಿ ಮತ್ತೆ ತುಕ್ಕು. ಹಾಗಾಗಿಯೇ ತುಕ್ಕು ತಿನ್ನುತ್ತಾ ಒಳಗೆ ಹೋಗುತ್ತದೆ. ನೀಲಿ ಮತ್ತು ಕಪ್ಪಿನದ್ದು ಬೇರೆ ಕಥೆ. ಅಲ್ಲೂ ಕಬ್ಬಿಣ ಬದಲಾಗಿರುತ್ತದೆ, ಆದರೆ ಆ ಪದರ ಬಿಗಿಯಾಗಿ, ತೆಳ್ಳಗೆ, ಲೋಹಕ್ಕೆ ಅಂಟಿಕೊಂಡೇ ಕೂತಿರುತ್ತದೆ. ಅದು ಕೂತಷ್ಟು ದಿನ ಕೆಂಪು ತುಕ್ಕು ಬರುವುದು ನಿಧಾನ. ದೋಸೆ ಕಾವಲಿ ಕಪ್ಪಾಗಿದೆ ಅಂತ ಯಾರಾದರೂ ಬೆಳ್ಳಗಾಗುವವರೆಗೆ ಉಜ್ಜುತ್ತಾರಾ? ಹಾಗೆಯೇ ಇದು.

ಈ ಬಣ್ಣ ಎಲ್ಲಿಂದ ಬರುತ್ತದೆ ಅಂದರೆ, ನೀವು ಹೆಚ್ಚುವ ತರಕಾರಿಯಿಂದಲೇ. ಮಾವಿನಕಾಯಿ, ನಿಂಬೆಯ ಹುಳಿ ಅಲಗನ್ನು ಬೂದು ಮಾಡುತ್ತದೆ. ಮಾಂಸ ಕತ್ತರಿಸುವ ಕತ್ತಿಗೆ ನೀಲಿ ಜಾಸ್ತಿ, ನೇರಳೆ ಹೊಳಪೂ ಬರುತ್ತದೆ. ಬಾಳೆಕಾಯಿ, ಅಡಿಕೆಯಲ್ಲಿ ಒಗರು ಇರುತ್ತದಲ್ಲ, ಆ ಒಗರು ಕಬ್ಬಿಣದ ಜೊತೆ ಸೇರಿದರೆ ಕಡು ನೀಲಿ, ಕಪ್ಪು. ಅಡಕತ್ತರಿ ಯಾವತ್ತೂ ಕಪ್ಪಗೇ ಇರುವುದು ಇದಕ್ಕೇ. ಕಲಂಕಾರಿ ಬಟ್ಟೆ ನೋಡಿದ್ದೀರಾ? ಬಟ್ಟೆಯನ್ನು ಮೊದಲು ಅಣಲೆಕಾಯಿಯ ಒಗರಿನಲ್ಲಿ ಅದ್ದುತ್ತಾರೆ, ಆಮೇಲೆ ಕಬ್ಬಿಣದ ಚೂರು ಮತ್ತು ಬೆಲ್ಲ ಕೊಳೆಸಿದ ನೀರಿನಲ್ಲಿ ಗೆರೆ ಎಳೆಯುತ್ತಾರೆ, ಎಳೆದ ಕಡೆ ಕಪ್ಪು ಮೂಡುತ್ತದೆ. ನಿಮ್ಮ ಕತ್ತಿಯ ಮೇಲೆ ದಿನಾ ಆಗುವುದೂ ಅದೇ ಕೆಲಸ.

ಶಿರಸಿ ಕಡೆ ಒಂದು ಮದುವೆ ಮನೆಯಲ್ಲಿ ನಾನು ಕಂಡದ್ದನ್ನು ಹೇಳಲೇಬೇಕು. ಅಡುಗೆಯ ಮುಖ್ಯ ಭಟ್ಟರು ತಮ್ಮ ಮೆಟ್ಟುಗತ್ತಿಯನ್ನು ತಾವೇ ತಂದಿದ್ದರು. ವರ್ಷಗಟ್ಟಲೆ ಹಲಸು, ಬಾಳೆಕಾಯಿ, ಮಾವು ಹೆಚ್ಚಿ ಹೆಚ್ಚಿ ಅದರ ಅಲಗು ಮಳೆಗಾಲದ ಮೋಡದ ಬಣ್ಣಕ್ಕೆ ಬಂದಿತ್ತು. ಮನೆಯ ಹುಡುಗನೊಬ್ಬ, ಬಹಳ ಒಳ್ಳೆಯ ಹುಡುಗ, ಸಹಾಯ ಮಾಡೋಣ ಅಂತ ರಾತ್ರಿ ಕೂತು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಅದನ್ನು ತಿಕ್ಕಿದ. ಬೆಳಿಗ್ಗೆ ನೋಡಿದರೆ ಕನ್ನಡಿ. ಎಲ್ಲರೂ ಅವನನ್ನು ಹೊಗಳಿದರು. ಭಟ್ಟರು ಸ್ನಾನ ಮುಗಿಸಿ ಬಂದು ಕತ್ತಿ ನೋಡಿ ಏನೂ ಮಾತಾಡಲಿಲ್ಲ, ಕೂತು ಪಲ್ಯಕ್ಕೆ ಬಾಳೆಕಾಯಿ ಹೆಚ್ಚಲು ಶುರು ಮಾಡಿದರು. ಹೋಳಿನ ಅಂಚೆಲ್ಲ ಆಗಿಂದಾಗಲೇ ಕಪ್ಪು. ಹೋಳು ಹಾಕಿದ ಪಾತ್ರೆಯ ನೀರೂ ಮಸಿ ನೀರಿನ ಹಾಗೆ. ಕೋಸಂಬರಿಗೆ ಸೌತೆಕಾಯಿ ಹೆಚ್ಚಿ ಒಬ್ಬರ ಬಾಯಿಗೆ ಹಾಕಿದರೆ, ಕಬ್ಬಿಣದ ವಾಸನೆ ಅಂತ ಅವರು ಮುಖ ಹಿಂಡಿದರು. ಹುಡುಗ ಅಳುವುದೊಂದು ಬಾಕಿ. ಆಗ ಭಟ್ಟರು ಅವನನ್ನು ಹತ್ತಿರ ಕರೆದು, "ನೀನು ತೆಗೆದದ್ದು ಕೊಳೆ ಅಲ್ಲ ಮಾರಾಯ, ಕತ್ತಿಯ ಚರ್ಮ" ಅಂದರು. ಬೈಯಲಿಲ್ಲ. ಬಾಳೆಕಾಯಿ ಸಿಪ್ಪೆ ಮತ್ತು ಮಾವಿನಕಾಯಿ ಹೋಳು ತೆಗೆದುಕೊಂಡು ಅಲಗಿನ ಎರಡೂ ಕಡೆ ಉಜ್ಜಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು, ತೊಳೆದು ಒರೆಸಿ, ಮತ್ತೆ ಉಜ್ಜಿದರು. ಹುಡುಗನ ಕೈಯಲ್ಲೂ ಉಜ್ಜಿಸಿದರು. ಅಷ್ಟು ಹೊತ್ತು ಬೇರೆಯವರು ಸ್ಟೀಲ್ ಚಾಕುವಿನಲ್ಲಿ ಹೆಚ್ಚುತ್ತಾ ಕೂತರು. ಮಧ್ಯಾಹ್ನದ ಹೊತ್ತಿಗೆ ಅಲಗು ತೆಳುವಾಗಿ ಬೂದು ತಿರುಗಿತ್ತು, ಸಂಜೆ ಹೆಚ್ಚಿದ ತರಕಾರಿಗೆ ಆ ವಾಸನೆ ಇರಲಿಲ್ಲ. ಬೆತ್ತಲೆ ಕಬ್ಬಿಣ ಹುಳಿ ಒಗರು ಕಂಡ ಕೂಡಲೇ ಸೇರಿಕೊಳ್ಳುತ್ತದೆ. ಮೇಲೆ ಪದರ ಕೂತಿದ್ದರೆ ಅಷ್ಟು ಸುಲಭಕ್ಕೆ ಸೇರುವುದಿಲ್ಲ. ಹೊಸ ಕತ್ತಿ ತಂದವರು ಮೊದಮೊದಲು ಈರುಳ್ಳಿ ಕಪ್ಪಾಗುತ್ತದೆ ಅಂತ ಗೊಣಗುವುದು ಇದಕ್ಕೇ. ಸ್ವಲ್ಪ ದಿನ ತಾಳಿ. ಸುಮ್ನೆ ಹೆಚ್ಚುತ್ತಾ ಹೋಗಿ. ತಿಕ್ಕಬೇಡಿ.

ಇಲ್ಲಿಗೆ ಬಹಳ ಹೊತ್ತು ತೆಗೆದುಕೊಂಡೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಬೆಂಕಿಯಿಂದಲೂ ನೀಲಿ ಬರುತ್ತದೆ. ಕಮ್ಮಾರರು ಅಲಗನ್ನು ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದಾಗ ಅದು ಗಾಜಿನಂತೆ ಪೆಡಸಾಗುತ್ತದೆ. ಆ ಪೆಡಸು ಇಳಿಸಿ ಹದ ತರಲು ಮತ್ತೆ ಮೆಲ್ಲಗೆ ಕಾಯಿಸುತ್ತಾರೆ. ಸುಮಾರು 230 ಡಿಗ್ರಿ ಸೆಲ್ಸಿಯಸ್‌ಗೆ ಹುಲ್ಲಿನ ಹಳದಿ, 255ರ ಹತ್ತಿರ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ಥರ್ಮಾಮೀಟರ್ ಇಲ್ಲದೆ, ಬಣ್ಣ ನೋಡಿಯೇ ನಿಲ್ಲಿಸುತ್ತಾರೆ. ಎಂಥ ಕಣ್ಣು ಅದು! ಆ ನೀಲಿ ಬಳಿದ ಬಣ್ಣ ಅಲ್ಲ. ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ಪದರ. ಅದರ ಮೇಲಿನಿಂದ ಒಂದಷ್ಟು ಬೆಳಕು, ಅಡಿಯಿಂದ ಒಂದಷ್ಟು ಬೆಳಕು ತಿರುಗಿ ಬಂದು ಬೆರೆತಾಗ ನಮಗೆ ನೀಲಿ ಕಾಣುತ್ತದೆ. ಹಳೇ ಗಡಿಯಾರದ ನೀಲಿ ಮುಳ್ಳು ಹೀಗೆಯೇ ಕಾಯಿಸಿ ಮಾಡಿದ್ದು. ಕೊಡಗಿನವರು ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗಿಡುವ ಕೋವಿಯ ನಳಿಗೆಯ ನೀಲಿಗಪ್ಪೂ ಇದೇ ಜಾತಿಯ ಪದರ, ಅದನ್ನು ಸಾಮಾನ್ಯವಾಗಿ ರಾಸಾಯನಿಕ ಹಾಕಿ ತರಿಸುತ್ತಾರೆ.

ಒಂದು ಕಡೆ ಮಾತ್ರ ನೀಲಿ ಕಂಡರೆ ಜಗಳ ಮಾಡಿ. ಬೀದಿಯಲ್ಲಿ ಸಾಣೆ ಹಿಡಿಸುವಾಗ ಒಣ ಚಕ್ರಕ್ಕೆ ಒತ್ತಿ ಹಿಡಿದರೆ ಕಿಡಿ ಹಾರಿ, ಅಲಗಿನ ಹರಿತದ ಅಂಚಿನಲ್ಲೇ ನೀಲಿ ಪಟ್ಟಿ ಮೂಡುತ್ತದೆ. ಅಲ್ಲಿ ಬಿಸಿ 300 ಡಿಗ್ರಿ ಮುಟ್ಟಿದೆ, ಅಂಚಿಗೆ ಬೇಕಾದ ಹದ ದಾಟಿ ಹೋಗಿದೆ ಅಂತ ಅರ್ಥ. ಆ ಜಾಗ ಮೆತ್ತಗಾಗಿ ಬೇಗ ಮೊಂಡಾಗುತ್ತದೆ. ಮೆಲ್ಲಗೆ ಹಿಡಿಯಪ್ಪಾ, ಆಗಾಗ ನೀರಿಗೆ ಅದ್ದು ಅಂತ ಮೊದಲೇ ಹೇಳಿ. ಮನೆಯಲ್ಲೇ ಸಾಣೆಕಲ್ಲಿಗೆ ನೀರು ಹಾಕಿ ಮಸೆದರೆ ಇನ್ನೂ ಒಳ್ಳೆಯದು. ಮಸೆದ ಅಂಚು ಬೆಳ್ಳಗೆ ಹೊಳೆಯುತ್ತದೆ, ಹೊಳೆಯಲಿ. ಮೇಲಿನ ಮೈ ನೀಲಿಯಾಗಿಯೇ ಇರಲಿ.

ಆರೈಕೆ ಬಹಳ ಸುಲಭ. ಹೆಚ್ಚಿದ ಕೂಡಲೇ ತೊಳೆಯಿರಿ, ಒಣ ಬಟ್ಟೆಯಲ್ಲಿ ಒರೆಸಿ. ಸಿಂಕಿನಲ್ಲಿ ನೆನೆಯಲು ಬಿಡಬೇಡಿ. ಹಲಸಿನ ಮೇಣ ಹತ್ತಿದ್ದರೆ ಎಣ್ಣೆ ಸವರಿ ತೆಗೆಯಿರಿ. ಮಲೆನಾಡಿನವರು, ಕರಾವಳಿಯವರು ಮಳೆಗಾಲದಲ್ಲಿ ರಾತ್ರಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಇಡಿ. ಎಲ್ಲಾದರೂ ಕೆಂಪು ಚುಕ್ಕೆ ಕಂಡರೆ, ಕೆಂಪು ಕಂಡರೆ ಮಾತ್ರ, ಒದ್ದೆ ಬೂದಿಯಲ್ಲಿ ಅಷ್ಟು ಜಾಗವನ್ನಷ್ಟೇ ಉಜ್ಜಿ, ಪಕ್ಕದ ನೀಲಿಯನ್ನು ಮುಟ್ಟಬೇಡಿ. ನಮಸ್ಕಾರ.